ಕರ್ನಲ್ ಬೈಲಿಯ ಕಲ್ಲು ಹುಡುಕಿಕೊಂಡು ಮೂರು ದಿನ

ಸೆಪ್ಟೆಂಬರ್ 9: ಕಂಬ, ಹೊಳೆ, ಸೆರೆಮನೆ

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಇರುವುದು ಕೋಟೆಯ ಒಳಗೇ. ಮೈಸೂರಿನಿಂದ ಪ್ಯಾಸೆಂಜರ್ ಹತ್ತಿ, ಸೀಟು ಹಿಡಿದು ಕೂತು, ಕಡಲೆಕಾಯಿ ಪೊಟ್ಟಣ ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ಬಸ್ಸಿನಲ್ಲಿ ಬಂದವರು ಹೆದ್ದಾರಿಯ ಕಡೆಯಿಂದ ಕೋಟೆಯನ್ನು ಹೊಗಬೇಕು. ರೈಲಿನವರಿಗೆ ಆ ಕಷ್ಟ ಇಲ್ಲ, ಹಳಿಯೇ ಗೋಡೆ ಸೀಳಿಕೊಂಡು ಒಳಗೆ ತಂದು ಬಿಡುತ್ತದೆ. 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತೆಂದು ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು ಇಡಿಯಾಗಿ ಜಾಕಿ ಮೇಲೆ ಎತ್ತಿ ಆಚೆಗೆ ಸರಿಸಿದ್ದು ಇದೇ ಸ್ಟೇಷನ್ನಿನ ಪಕ್ಕದಲ್ಲಿ. ಸಾವಿರ ಟನ್ ತೂಗುವ ಇಟ್ಟಿಗೆ ಗಾರೆಯ ಕಟ್ಟಡ ಬಿರುಕು ಬಿಡದೆ ಹೊಸ ಜಾಗಕ್ಕೆ ಹೋಗಿ ಕೂತಿತು.

ಸೆಪ್ಟೆಂಬರನ್ನು ಆರಿಸಿಕೊಳ್ಳಲು ಕಾರಣ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೈಲಿ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಕೈಗೆ ಸಿಕ್ಕಿದ್ದು 1780ರ ಸೆಪ್ಟೆಂಬರ್ 10ರಂದು. ಎರಡು ವರ್ಷದ ಮೇಲೆ, 1782ರ ನವೆಂಬರ್ 13ರಂದು, ಈ ಕೋಟೆಯ ಸೆರೆಯಲ್ಲೇ ಸತ್ತ. ಅವನ ಹೆಸರು ಅಂಟಿಕೊಂಡ ಜಾಗಗಳು ಊರಿನಲ್ಲಿ ಮೂರಿವೆ. ಒಂದು ಸೆರೆಮನೆ, ಒಂದು ಚಿತ್ರ, ಒಂದು ಸ್ಮಾರಕ. ಹೆಚ್ಚಿನವರು ಸೆರೆಮನೆ ನೋಡಿ ಬಸ್ ಹತ್ತುತ್ತಾರೆ, ಸ್ಮಾರಕದ ತನಕ ಹೋಗುವವರು ಕಡಿಮೆ. ಇನ್ನು ಚಿತ್ರ ನೋಡಿದವರಲ್ಲಿ ಎಷ್ಟೋ ಜನಕ್ಕೆ ಅದರೊಳಗೆ ಬೈಲಿ ಕೂತಿದ್ದಾನೆ ಅನ್ನುವುದೇ ಗೊತ್ತಿರುವುದಿಲ್ಲ.

ಮೊದಲು ಹೋಗಬೇಕಾದದ್ದು ಕೋಟೆಯ ವಾಯವ್ಯ ಮೂಲೆಯ ಹತ್ತಿರದ ಕಲ್ಲು ಕಂಬಕ್ಕೆ. ಬೋರ್ಡಿನಲ್ಲಿ ಒಬೆಲಿಸ್ಕ್ ಎಂದಿದ್ದರೂ ಊರವರಿಗೆ ಅದು ಬರಿಯ ಕಂಬ. 1799ರ ಮೇ 4ರಂದು ಕಂಪನಿ ಸೈನ್ಯ ಗೋಡೆ ಒಡೆದು ನುಗ್ಗಿದ್ದು ಈ ಭಾಗದಲ್ಲಿ, ಕಂಬ ನಿಂತಿರುವುದು ಆ ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳ ಮತ್ತು ಸೈನಿಕರ ನೆನಪಿಗೆ. ನಿಲ್ಲಿಸಿದವರು ಯಾರು ಎಂದು ಓದದೆ ಮುಂದೆ ಹೋಗಬೇಡಿ. ಮೈಸೂರು ಸರ್ಕಾರ, 1907. ಯುದ್ಧ ನಡೆದು 108 ವರ್ಷ ಆದ ಮೇಲೆ, ಆ ಯುದ್ಧದಿಂದಲೇ ಸಿಂಹಾಸನ ಮರಳಿ ಪಡೆದ ಒಡೆಯರ ಸರ್ಕಾರ ಕಟ್ಟಿಸಿದ ಕಂಬ ಇದು. ಅದೇ ದಿನ ಮಧ್ಯಾಹ್ನ ಇದೇ ಗೋಡೆಯ ಕಾವಲಿನಲ್ಲಿದ್ದ ಟಿಪ್ಪುವಿನ ನೆಚ್ಚಿನ ದಳಪತಿ ಸಯ್ಯದ್ ಗಫಾರ್ ಫಿರಂಗಿ ಗುಂಡಿಗೆ ಸತ್ತ. ಆ ಹೆಸರು ಈ ಕಂಬದ ಮೇಲೆ ಇಲ್ಲ, ಇರುವುದಕ್ಕೆ ಕಾರಣವೂ ಇಲ್ಲ. ಸ್ಮಾರಕ ಓದುವಾಗ ಸತ್ತವರು ಯಾರು ಅನ್ನುವುದಕ್ಕಿಂತ ಮೊದಲು ನೆಟ್ಟವರು ಯಾರು, ಯಾವಾಗ ಅನ್ನುವುದನ್ನು ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕಂಬದ ಕಡೆಯಿಂದ ಹೊಳೆ ಕಾಣುತ್ತದೆ. ಮಳೆ ಚೆನ್ನಾಗಿ ಆದ ವರ್ಷ, ಕನ್ನಂಬಾಡಿಯಿಂದ ನೀರು ಬಿಟ್ಟಿದ್ದರು. ಕಾವೇರಿ ಕೆಂಪು ಮಣ್ಣಿನ ಬಣ್ಣದಲ್ಲಿ ದಡ ತುಂಬಿ ಹೋಗುತ್ತಿತ್ತು, ನಡುವಿನ ಬಂಡೆಗಳಲ್ಲಿ ಒಂದೂ ಕಾಣದು. ಈ ಹೊಳೆ ನೋಡಿಕೊಂಡು 1799ರ ಹೊಳೆ ಊಹಿಸಿದರೆ ಲೆಕ್ಕ ತಪ್ಪುತ್ತದೆ. ಕಂಪನಿ ಸೈನ್ಯದ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಅವಸರ ಇದ್ದದ್ದೇ ಈ ಕಾರಣಕ್ಕೆ. ಸೈನ್ಯದಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು, ಜೂನ್‌ನಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ಹೊಳೆ ಇಳಿಯುವಂತಿರಲಿಲ್ಲ. ಮೇ ಮೊದಲ ವಾರದಲ್ಲಿ ನೀರು ಕೆಲವು ಕಡೆ ಕಣಕಾಲಿಗೆ, ಕೆಲವು ಕಡೆ ಸೊಂಟಕ್ಕೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ, ಕೋಟೆಯವರು ಊಟ ವಿಶ್ರಾಂತಿಗೆ ಸರಿದ ಹೊತ್ತಿನಲ್ಲಿ, ಕಂಪನಿಯವರು ಬಂಡೆಗಳ ಮೇಲೆ ಎಡವುತ್ತಾ ದಾಟಿದರು. ಕೆಲವೇ ನಿಮಿಷದಲ್ಲಿ ಬಾವುಟ ಒಡೆದ ಗೋಡೆಯ ಬಿರುಕಿನ ಮೇಲಿತ್ತು. ಈಗ ಮೇ ತಿಂಗಳಿನಲ್ಲಿ ಬಂದು ನೋಡಿದರೂ ಆಗಿನ ನೀರು ಸಿಗುವುದಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ ಮುಗಿದ ಮೇಲೆ ಹೊಳೆಯ ಬೀಗ ಅಲ್ಲಿದೆ. ಮಳೆಗಾಲದಲ್ಲಿ ಹೋಗುವವರು ಹಿಂದಿನ ದಿನವೇ ಹೊರಹರಿವು ಎಷ್ಟಿದೆ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಹೆಚ್ಚಿದ್ದರೆ ಸ್ನಾನಘಟ್ಟ, ಸಂಗಮ ಎರಡಕ್ಕೂ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸುತ್ತಾರೆ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಸ್ಸಾರು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಕಾಳಿನ ಪಲ್ಯ ನೋಡಿದರೆ ಸಾಕು. ಕಾಳು ಪೂರ್ತಿ ಕರಗಿದ್ದರೆ ಬಸಿದ ಕಟ್ಟು ಗಂಜಿಯಾಗಿರುತ್ತದೆ, ಹಲ್ಲಿಗೆ ಸಿಕ್ಕುವಂತಿದ್ದರೆ ಸಾರು ತಿಳಿಯಾಗಿ ಖಾರ ಹಿಡಿದಿರುತ್ತದೆ. ಇಲ್ಲಿ ಎರಡನೆಯದು. ಬಡಿಸುವಾಕೆ ಎರಡನೇ ಮುದ್ದೆ ಬೇಡ ಅಂದದ್ದಕ್ಕೆ, "ಒಂದ್ ಮುದ್ದೆಗೆ ಕೋಟೆ ಸುತ್ತಕ್ಕಾಯ್ತದಾ ಅಣ್ಣ?" ಅಂದರು. ಆಗಲಿಲ್ಲ, ನಾಲ್ಕು ಗಂಟೆಗೆ ಕುರುಕಲು ಹುಡುಕಬೇಕಾಯಿತು.

ಬೈಲಿ ಬಂದೀಖಾನೆ ರಂಗನಾಥಸ್ವಾಮಿ ದೇವಸ್ಥಾನದ ಉತ್ತರಕ್ಕೆ, ಹೊಳೆಯ ಕಡೆ ಗೋಡೆಗೆ ಒರಗಿಕೊಂಡಂತಿದೆ. ಮೇಲಿನಿಂದ ನೋಡಿದರೆ ಹುಲ್ಲುಹಾಸು ಮಾತ್ರ, ಮೆಟ್ಟಿಲು ಇಳಿದ ಮೇಲೆಯೇ ಕಟ್ಟಡ ಇದೆ ಎಂದು ತಿಳಿಯುವುದು. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ, ಇಟ್ಟಿಗೆ ಗಾರೆಯ ಕಮಾನು ಚಾವಣಿ, ಸುಣ್ಣದ ಬಿಳಿ. ಮಳೆ ಬಿದ್ದ ದಿನ ಆ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಹವಾಯಿ ಚಪ್ಪಲಿಯಲ್ಲಿ ಇಳಿಯುತ್ತಿದ್ದ ಹುಡುಗನೊಬ್ಬ ಮೂರು ಮೆಟ್ಟಿಲನ್ನು ಕೂತೇ ಇಳಿದ. ಒಳಗೆ ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲಿನ ಚಪ್ಪಡಿಗಳಿವೆ. ಪ್ರತಿ ಕಲ್ಲಿಗೂ ತೂತು, ಕೈದಿಯ ಸರಪಳಿ ಪೋಣಿಸಲು. ನೆಲದ ಮೇಲೆ ಒಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಮೇಲಿನ ಬತೇರಿಯಿಂದ ಚಾವಣಿ ತೂತು ಮಾಡಿಕೊಂಡು ಬಿತ್ತು ಎಂದು ಹೇಳುತ್ತಾರೆ.

ಗೈಡುಗಳು ಇಲ್ಲಿ ಕತೆಗೆ ಸ್ವಲ್ಪ ಹೆಚ್ಚೇ ನೀರು ಬೆರೆಸುತ್ತಾರೆ. ಕತ್ತಿನ ತನಕ ನೀರು ತುಂಬಿಸುತ್ತಿದ್ದರು ಅನ್ನುವುದು ಅದರಲ್ಲೊಂದು. ಸೆರೆಯಿಂದ ಬದುಕಿ ಹೋದ ಅಧಿಕಾರಿಗಳು ಬರೆದಿಟ್ಟದ್ದು ಬೇರೆ ತರ ಇದೆ. ಮಣ್ಣಿನ ಗೋಡೆಯ ಅಂಗಳ, ಕಾಲಿಗೆ ಬೇಡಿ, ಅರೆಹೊಟ್ಟೆ, ಜ್ವರ, ಬೇಧಿ. ಕಲ್ಲಿನ ತೂತಿಗಿಂತ ಇದೇ ಹೆಚ್ಚು ಜನರನ್ನು ಕೊಂದದ್ದು. ಬೈಲಿಯ ಜೊತೆ ಸಿಕ್ಕಿಬಿದ್ದವರಲ್ಲಿ ಕ್ಯಾಪ್ಟನ್ ಡೇವಿಡ್ ಬೇರ್ಡ್ ಒಬ್ಬ. ಕೈದಿಗಳನ್ನು ಇಬ್ಬಿಬ್ಬರಾಗಿ ಸರಪಳಿ ಹಾಕಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿಗೆ ಜೋಡಿಯಾದವನ ಪಾಡು ಏನೋ ಪಾಪ ಅಂದಳಂತೆ. ಮಗನ ಮುಂಗೋಪ ತಾಯಿಗೆ ಗೊತ್ತು. 44 ತಿಂಗಳು ಸೆರೆ ಅನುಭವಿಸಿ 1784ರಲ್ಲಿ ಬಿಡುಗಡೆಯಾದ ಆ ಬೇರ್ಡನೇ 1799ರಲ್ಲಿ ಬಿರುಕು ಹತ್ತಿದ ದಂಡಿನ ಮುಂದೆ ಇದ್ದದ್ದು. ಮೇಲಧಿಕಾರಿಯಾಗಿದ್ದ ಬೈಲಿಗೆ ಆ ಭಾಗ್ಯ ಇರಲಿಲ್ಲ.

ಸಂಜೆ ಹೊಳೆ ಬಾಗಿಲಿನ ಕಡೆ, ಟಿಪ್ಪುವಿನ ಶವ ಸಿಕ್ಕ ಜಾಗ. ಸಣ್ಣ ಆವರಣ, ಒಂದು ಕಲ್ಲು, ಒಂದೇ ಸಾಲು. ಇಡೀ ದ್ವೀಪದಲ್ಲಿ ಇಷ್ಟು ಕಡಿಮೆ ಮಾತಾಡುವ ಕಲ್ಲು ಇನ್ನೊಂದಿಲ್ಲ. ಎದುರಿಗೆ ಮುಸುಕಿನ ಜೋಳ ಸುಡುತ್ತಿದ್ದ ಅಜ್ಜಿ, "ಸುಲ್ತಾನ್ರು ಬಿದ್ದಿದ್ದು ಅಲ್ಲೇ ಕಣಪ್ಪ" ಎಂದು ಬೀಸಣಿಗೆಯಲ್ಲೇ ತೋರಿಸಿದರು. ಬೈಲಿಯ ಬಗ್ಗೆ ಕೇಳಿದರೆ ಬೇಲಿಯೇ ಇರಬೇಕು ಎಂದುಕೊಂಡು, "ಬೇಲಿ ಹೋದ್ವರ್ಸ ಹಾಕುದ್ರು, ದನ ನುಗ್ತವೆ ಅಂತ" ಅಂದರು.

ಸೆಪ್ಟೆಂಬರ್ 10: ಚಿತ್ರ, ಸ್ಮಾರಕ, ಗೋರಿಗಳು

ರಾತ್ರಿಯ ಮಳೆ ಬೆಳಗ್ಗೆ ಬಿಟ್ಟಿತ್ತು. ದರಿಯಾ ದೌಲತ್ ಬಾಗಿಲು ತೆಗೆದ ತಕ್ಷಣ ಒಳಗೆ ಇರಬೇಕು. ಹತ್ತು ಗಂಟೆ ಮೇಲೆ ಶಾಲೆ ಮಕ್ಕಳ ಬಸ್ಸುಗಳು ಶುರುವಾದರೆ ಗೋಡೆ ಕಾಣುವುದಿಲ್ಲ. 1784ರಲ್ಲಿ ಟಿಪ್ಪು ಮುಗಿಸಿದ ತೇಗದ ಮರದ ಅರಮನೆ. ಬಿಸಿಲು ಮಳೆ ತಾಗದಿರಲು ಸುತ್ತ ಹಸಿರು ಪರದೆ ಇಳಿಬಿಟ್ಟಿರುತ್ತಾರೆ, ಆದ್ದರಿಂದ ಹೊರಗಿನ ಬೆಳಕಿನಿಂದ ಬಂದವರಿಗೆ ಮೊದಲ ಐದು ನಿಮಿಷ ಗೋಡೆ ಮಸುಕು. ತಾಳ್ಮೆಯಿಂದ ನಿಲ್ಲಬೇಕು. ಫ್ಲಾಷ್ ಹಾಕಿದರೆ ಕಾವಲಿನವರು ಬೈಯುತ್ತಾರೆ, ಬೈಯಬೇಕಾದದ್ದೇ.

ಪೊಳ್ಳಿಲೂರು ಯುದ್ಧ ಪಶ್ಚಿಮದ ಗೋಡೆಯಲ್ಲಿದೆ. ನೂರಾರು ಕುದುರೆ, ಕತ್ತಿ, ರುಂಡಗಳ ನಡುವೆ ಕಣ್ಣು ಕಳೆದುಹೋಗುತ್ತದೆ. ಹಾಗಾಗಿ ಮೊದಲು ಕೆಂಪು ಕೋಟುಗಳ ಚೌಕ ಹುಡುಕಿ. ನಾಲ್ಕು ಕಡೆಗೂ ಬಂದೂಕು ಚಾಚಿ ನಿಂತ ಸಾಲುಗಳ ನಡುವೆ ಒಂದು ಪಲ್ಲಕ್ಕಿ ಇದೆ. ಗಾಯಗೊಂಡು ಅದರಲ್ಲಿ ಕೂತವನೇ ಬೈಲಿ. ಅಲ್ಲೇ ಬೆಂಕಿಯ ದೊಡ್ಡ ಉಂಡೆ ಒಂದು ಸಿಡಿಯುತ್ತಿದೆ. ಅದು ಮದ್ದಿನ ಗಾಡಿ. ಮೈಸೂರಿನ ಬಾಣ, ಅಂದರೆ ರಾಕೆಟ್, ಮತ್ತು ಫಿರಂಗಿಯ ಹೊಡೆತಕ್ಕೆ ಗಾಡಿಗಳು ಹೊತ್ತಿಕೊಂಡ ಮೇಲೆ ಚೌಕದೊಳಗೆ ಗುಂಡು ಮದ್ದು ಉಳಿಯಲಿಲ್ಲ. ಇನ್ನೊಂದು ಕಡೆ ದುರ್ಬೀನು ಹಿಡಿದು ನಿಂತ ಮೀಸೆಯವನು ಮೈಸೂರಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ. ಚೌಕ, ಪಲ್ಲಕ್ಕಿ, ಬೆಂಕಿ ಈ ಮೂರು ಸಿಕ್ಕಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಚಿತ್ರದಲ್ಲಿ ಇಲ್ಲದ್ದು ಒಂದಿದೆ, ಹೊಳೆ. ಗುಂಟೂರಿನಿಂದ ದಂಡು ಕಟ್ಟಿಕೊಂಡು ಬಂದ ಬೈಲಿ ಆಗಸ್ಟ್ 25ರಂದು ಮದ್ರಾಸಿನ ಉತ್ತರದ ಕೊರ್ತಲೈಯಾರ್ ಹೊಳೆಗೆ ಬಂದ. ಆ ದಿನ ಅದು ಕಾಲು ನೆನೆಯುವಷ್ಟೇ ಇತ್ತು. ದಾಟುವ ಬದಲು ಈಚೆ ದಡದಲ್ಲೇ ಬಿಡಾರ ಹೂಡಿದ. ರಾತ್ರಿ ಮಳೆ ಬಂತು, ಬೆಳಗಾಗುವಷ್ಟರಲ್ಲಿ ಹೊಳೆ ತುಂಬಿತು. ದಾಟಲು ಆದದ್ದು ಸೆಪ್ಟೆಂಬರ್ 3ಕ್ಕೆ. ಆ ಒಂಬತ್ತು ದಿನದಲ್ಲಿ ಹೈದರಾಲಿ ಟಿಪ್ಪುವನ್ನು ಅವನ ದಾರಿಗೆ ಅಡ್ಡ ಕಳುಹಿಸಿದ್ದ. ಬೈಲಿ ಹೋಗಿ ಸೇರಬೇಕಿದ್ದುದು ಕಾಂಚೀಪುರದಲ್ಲಿದ್ದ ಕಂಪನಿಯ ಜನರಲ್ ಮನ್ರೋನನ್ನು. ಆತ ಒಂದು ದಿನದ ನಡಿಗೆಯಷ್ಟು ದೂರದಿಂದ ಸರಿಯಾದ ಹೊತ್ತಿಗೆ ಬರಲಿಲ್ಲ. ಸುದ್ದಿ ಕೇಳಿದ ಮೇಲೆ ತನ್ನ ಭಾರಿ ಫಿರಂಗಿಗಳನ್ನು ಕೊಳಕ್ಕೆ ನೂಕಿ ಮದ್ರಾಸಿಗೆ ಹಿಂತಿರುಗಿದ. ಬೈಲಿಯ ಕಡೆ 86 ಅಧಿಕಾರಿಗಳಿದ್ದರು, 36 ಮಂದಿ ಅಲ್ಲೇ ಸತ್ತರು. ನಿನ್ನೆ ಕಂಬದ ಹತ್ತಿರ ಕಂಡ ಹೊಳೆಯ ಲೆಕ್ಕಕ್ಕೆ ಇದು ಸರಿಯಾಗಿ ಉಲ್ಟಾ. ಹ್ಯಾರಿಸ್ ಕಾವೇರಿ ತುಂಬುವ ಮೊದಲೇ ದಾಟಿದ, ಬೈಲಿ ನಾಳೆ ನೋಡೋಣ ಅಂದುಕೊಂಡ.

ಈ ಚಿತ್ರ ಬರೆಸುವಾಗ ಬೈಲಿ ಸತ್ತು ಎರಡು ವರ್ಷ. ಅವನ ಹೆಸರಿನಲ್ಲಿ ಈ ಊರಿನಲ್ಲಿ ಇರುವ ಗುರುತುಗಳಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಜೀವ ಇರುವುದು, ಅವನನ್ನು ಸೋಲಿಸಿದವರೇ ಗೋಡೆಗೆ ಬರೆಸಿದ್ದು. ಇದಕ್ಕಿಂತ ವಿಚಿತ್ರ ಮುಂದಿನದು. 1799ರ ನಂತರ ಇಂಗ್ಲಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಈ ಅರಮನೆಯಲ್ಲಿ ವಾಸ ಮಾಡುತ್ತಾ ಚಿತ್ರ ದುರಸ್ತಿ ಮಾಡಿಸಿದ. ಮತ್ತೆ ಮಸುಕಾದಾಗ 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಇಂಗ್ಲಿಷರು ತಮ್ಮ ಸೋಲಿನ ಚಿತ್ರಕ್ಕೆ ತಾವೇ ಎರಡು ಸಲ ಬಣ್ಣ ಹಚ್ಚಿಸಿದ್ದಾರೆ. ಆದ್ದರಿಂದ ಈಗ ಕಾಣುವ ಪ್ರತಿ ಗೆರೆ 1784ರದೇ ಎಂದು ಹಟ ಮಾಡಬಾರದು.

ಅಲ್ಲಿಂದ ಗುಂಬಜ್‌ಗೆ ಆಟೋ. ಬೈಲಿ ಎಂದರೆ ಸಾಲದು. "ಜೈಲ್‌ತಾವ ಓಗ್ಬೇಕೋ, ಕಲ್‌ತಾವಾನೋ? ಎಲ್ಡೂ ಬೈಲಿನೇಯ ಸಾ" ಎಂದು ಆಟೋದವನೇ ಸರಿ ಮಾಡಿದ. ಗುಂಬಜ್ ಹಿಂದಿನ ಸ್ಮಾರಕ ಅಂದರೆ ಗೊತ್ತಾಗುತ್ತದೆ. ಗುಂಬಜ್‌ನಲ್ಲಿ ಹೈದರಾಲಿ, ಟಿಪ್ಪುವಿನ ತಾಯಿ ಫಕ್ರುನ್ನೀಸಾ ಬೇಗಂ, ಟಿಪ್ಪು ಮೂವರ ಗೋರಿ, ಸುತ್ತ 36 ಕರಿಕಲ್ಲಿನ ಕಂಬ, ಒಳಗೆ ಹುಲಿಪಟ್ಟೆಯ ಬಣ್ಣ. ಆನೆದಂತ ಕೂರಿಸಿದ ಬಾಗಿಲು ಕೊಟ್ಟವನೂ ಅದೇ ಡಾಲ್‌ಹೌಸಿ, ಅದೇ 1855. ಚಪ್ಪಲಿ ಹೊರಗೆ ಬಿಡಬೇಕು. ಮೋಡ ಸರಿದು ಅರ್ಧ ಗಂಟೆ ಬಿಸಿಲು ಬಿದ್ದರೆ ಸಾಕು, ಆ ಕಲ್ಲಿನ ಮೇಲೆ ಎಲ್ಲರೂ ತುದಿಗಾಲಿನ ಮೇಲೆ ಓಡುತ್ತಾರೆ. ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಟಿಪ್ಪುವನ್ನು ಇಲ್ಲಿ ಮಣ್ಣು ಮಾಡಿದ್ದು ಮೇ 5ರ ಸಂಜೆ. ಆ ರಾತ್ರಿ ಗುಡುಗು ಸಿಡಿಲು ಹೇಗಿತ್ತೆಂದರೆ ಕಂಪನಿಯ ಬಾಂಬೆ ಸೇನೆಯ ಬಿಡಾರದಲ್ಲಿ ಸಿಡಿಲು ಬಡಿದು ಜನ ಸತ್ತರು.

ಬೈಲಿ ಸ್ಮಾರಕ ಈ ಆವರಣದ ಹೊರಗೆ, ಹತ್ತಿರದಲ್ಲೇ. ಗುಂಬಜ್‌ನಲ್ಲಿ ಜಾತ್ರೆಯಂತೆ ಜನ, ಇಲ್ಲಿ ನಾಯಿಯೊಂದು ನೆರಳಿಗೆ ಮಲಗಿತ್ತು. 1816ರಲ್ಲಿ ಇದನ್ನು ಕಟ್ಟಿಸಿದವನು ಅಣ್ಣನ ಮಗನೋ ತಮ್ಮನ ಮಗನೋ, ಅಂತೂ ಬೈಲಿ ಮನೆತನದ ಹುಡುಗ, ಲೆಫ್ಟಿನೆಂಟ್ ಕರ್ನಲ್ ಜಾನ್ ಬೈಲಿ, ಲಖನೌ ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್. ಲಖನೌ ರೆಸಿಡೆನ್ಸಿಯ ಬೈಲಿ ಗಾರ್ಡ್ ಬಾಗಿಲು ಇದೇ ಜಾನ್‌ನ ಹೆಸರಿನದು. 1782ರಲ್ಲಿ ಸತ್ತವನಿಗೆ ಕಲ್ಲು ಬರಲು 34 ವರ್ಷ ಹಿಡಿಯಿತು. ಅದೂ ಸರ್ಕಾರದಿಂದಲ್ಲ, ಮನೆಯವರಿಂದ. ಇದನ್ನು ಗೋರಿ ಅನ್ನುವುದು ರೂಢಿ. ಶಾಸನದಲ್ಲಿ ಎಲ್ಲೂ ಇಲ್ಲಿ ಮಲಗಿದ್ದಾನೆ ಎಂಬ ಮಾತಿಲ್ಲ, ನೆನಪಿಗೆ ನಿಲ್ಲಿಸಿದ್ದು ಎಂದಷ್ಟೇ ಇದೆ. ಯುದ್ಧದ ಜಾಗವನ್ನು ಪೊಳ್ಳಿಲೂರು ಎಂದಿಲ್ಲ, ಪೇರಂಬಾಕಂ ಬಯಲು ಎಂದಿದೆ. ಎರಡೂ ಅಕ್ಕಪಕ್ಕದ ಊರುಗಳು, ಅದೇ ಯುದ್ಧ. ಇನ್ನೊಂದು ಗೊಂದಲ ಪೊಳ್ಳಿಲೂರಿಗೇ ಹೋದವರಿಗೆ ಆಗುತ್ತದೆ. ಅಲ್ಲಿರುವ ಎರಡು ಕಲ್ಲು ಕಂಬ ನೋಡಿ ಬೈಲಿಯ ಕಡೆಯವರದು ಅಂದುಕೊಳ್ಳುತ್ತಾರೆ. ಅವು ಮರುವರ್ಷ, 1781ರ ಆಗಸ್ಟ್ 27ರಂದು, ಅದೇ ನೆಲದಲ್ಲಿ ನಡೆದ ಎರಡನೇ ಯುದ್ಧದಲ್ಲಿ ಸತ್ತ ಅಧಿಕಾರಿಗಳದ್ದು.

ಮೋಡದ ದಿನ ಕಲ್ಲಿನ ಅಕ್ಷರ ಓದುವುದು ಕಷ್ಟ. ಬೆಳಕು ಎದುರಿನಿಂದ ಬಿದ್ದರೆ ಅಕ್ಷರದ ಹಳ್ಳಕ್ಕೂ ಮೈಗೂ ಒಂದೇ ಬಣ್ಣ. ಬೆಳಕು ಕಲ್ಲಿನ ಮೈ ಸವರಿಕೊಂಡು ಪಕ್ಕದಿಂದ ಬರಬೇಕು, ಆಗ ಹಳ್ಳದಲ್ಲಿ ನೆರಳು ಕೂರುತ್ತದೆ. ಅದಕ್ಕೆಂದೇ ತಂದಿದ್ದ ಒಂದು ಅಡಿ ಕನ್ನಡಿ ಆಟೋದ ಕುಲುಕಿಗೆ ಚೀಲದಲ್ಲೇ ಎರಡು ತುಂಡಾಗಿತ್ತು. ಊಟದ ಸ್ಟೀಲ್ ಡಬ್ಬಿಯ ಮುಚ್ಚಳ ತೊಳೆದು, ಬಟ್ಟೆಯಲ್ಲಿ ಉಜ್ಜಿ, ಮೋಡದ ಸಂದಿಯಲ್ಲಿ ಬಂದ ಬಿಸಿಲು ಹಿಡಿದು ಕಲ್ಲಿನ ಎಡ ಅಂಚಿನಿಂದ ಹಾಯಿಸಿದರೆ ಸಾಲುಗಳು ಒಂದೊಂದಾಗಿ ಎದ್ದವು. ಮುಚ್ಚಳದಲ್ಲಿ ಒಂದು ಸಲಕ್ಕೆ ಅಂಗೈ ಅಗಲ ಮಾತ್ರ ಬೆಳಗುತ್ತದೆ, ಓದುವವರು ಒಬ್ಬರು, ಹಿಡಿಯುವವರು ಒಬ್ಬರು ಬೇಕು. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಹಿಡಿದರೂ ಇದೇ ಫಲ. ಸೀಮೆಸುಣ್ಣ ಉಜ್ಜಿ ಓದುವುದು, ತಂತಿ ಬ್ರಷ್ಷಿನಲ್ಲಿ ಪಾಚಿ ಕೆರೆಯುವುದು ಎರಡೂ ಬೇಡ. ಕೆರೆದರೆ ಪಾಚಿಯ ಜೊತೆ ಕಲ್ಲಿನ ಮೇಲ್ಪದರವೂ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಅಕ್ಷರದ ಆಳ ಇನ್ನಷ್ಟು ಕಡಿಮೆ.

ಹೂವು ಇಡುವವರಿಗೂ ಒಂದು ಮಾತು. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸೇವಂತಿಗೆ ಮಾರಿನ ಲೆಕ್ಕದಲ್ಲಿ ಸಿಗುತ್ತದೆ. ಬಾಳೆ ನಾರಿನಲ್ಲಿ ಕಟ್ಟಿದ್ದು ಕೇಳಿ ತನ್ನಿ. ತಂತಿಯಲ್ಲಿ ಸುತ್ತಿದ ಹಾರ ಮಳೆಗೆ ನೆನೆದು ತುಕ್ಕಿನ ಗೆರೆ ಬಿಟ್ಟರೆ ಅದು ಹೋಗುವುದಿಲ್ಲ. ಎಣ್ಣೆ ದೀಪ, ಮೇಣದ ಬತ್ತಿ ಕಲ್ಲಿನ ಮೇಲೆ ನೇರವಾಗಿ ಬೇಡ. ಎಣ್ಣೆ ಕಲ್ಲಿಗೆ ಇಳಿದು ಕರಿ ಕಟ್ಟುತ್ತದೆ. ಬಾಳೆಲೆಯ ಮೇಲೆ ಇಟ್ಟು, ಹೊರಡುವಾಗ ಎಲೆ ಸಮೇತ ಎತ್ತಿಕೊಂಡು ಬಂದರೆ ಯಾರಿಗೂ ತೊಂದರೆ ಇಲ್ಲ.

ಸಂಜೆ ಗ್ಯಾರಿಸನ್ ಸಿಮೆಟ್ರಿ. ಹೆದ್ದಾರಿಯಿಂದ ದೂರವಿಲ್ಲ, ಹೊಳೆಯ ದಂಡೆ. ಸುಮಾರು 300 ಗೋರಿ. ಇಲ್ಲಿ ಬರುವವರು ಎಲ್ಲರೂ 1799ರ ಯುದ್ಧದಲ್ಲಿ ಸತ್ತವರು ಅಂದುಕೊಳ್ಳುತ್ತಾರೆ. ತಾರೀಖು ಓದಿದರೆ 1800ರ ಈಚಿನವೇ. ಕೋಟೆ ಗೆದ್ದ ಮೇಲೆ ಇಲ್ಲಿ ನಿಂತ ದಂಡಿನವರು, ಅವರ ಹೆಂಡತಿಯರು, ಹಾಲುಗೂಸುಗಳು. ಕೊಂದದ್ದು ಹೆಚ್ಚಾಗಿ ಜ್ವರ. ಸುತ್ತ ನೀರು, ಗದ್ದೆ, ಸೊಳ್ಳೆ. ತಡೆಯಲಾರದೆ 1809ರಲ್ಲಿ ದಂಡು ಬೆಂಗಳೂರಿಗೆ ಕಿತ್ತಿತು, ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಇಲ್ಲಿ ಸ್ವಿಸ್ ಡಿ ಮ್ಯೂರನ್ ರೆಜಿಮೆಂಟಿನವರ ಗೋರಿಗಳೂ ಇವೆ. ಆ ದಂಡು ಮೊದಲು ಡಚ್ಚರ ಸಂಬಳಕ್ಕೆ 1781ರಲ್ಲಿ ಕಟ್ಟಿದ್ದು, ಸಿಂಹಳದಲ್ಲಿ 1795ರಲ್ಲಿ ಇಂಗ್ಲಿಷರ ಕಡೆ ಬಂತು, 1799ರ ಮುತ್ತಿಗೆಯಲ್ಲಿ ಇತ್ತು. ಇತ್ತೀಚೆಗೆ ಡಿ ಮ್ಯೂರನ್ ವಂಶದವರೇ ಬಂದು ಜೀರ್ಣೋದ್ಧಾರಕ್ಕೆ ಕೈಹಾಕಿದ್ದರಿಂದ ಮುಳ್ಳು ಪೊದೆಯಾಗಿದ್ದ ಜಾಗ ನಡೆಯುವಂತಾಗಿದೆ. ಬೂಟು ಹಾಕಿಕೊಂಡು ಹೋಗಿ, ಹುತ್ತ ಇದೆ.

ಗೋರಿಗಳು ಇಟ್ಟಿಗೆಯವು, ಮೇಲೆ ಗಾರೆ. ಇವಕ್ಕೆ ಶತ್ರು ಎರಡು. ಮೊದಲನೆಯದು ಅರಳಿ ಗಿಡ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಬೆರಳುದ್ದ ಇರುವಾಗ ಕಿತ್ತರೆ ಬರುತ್ತದೆ, ಮೊಳದುದ್ದ ಆದ ಮೇಲೆ ಎಳೆದರೆ ಬೇರಿನ ಜೊತೆ ನಾಲ್ಕು ಇಟ್ಟಿಗೆಯೂ ಬರುತ್ತದೆ. ಆಗ ಬುಡಕ್ಕೆ ಕತ್ತರಿಸಿ, ಕಾಂಡದಲ್ಲಿ ತೂತು ಕೊರೆದು ಔಷಧಿ ಹಾಕಿ, ಬೇರು ಸತ್ತ ಮೇಲೆಯೇ ಬಿಚ್ಚಬೇಕು. ಎರಡನೆಯ ಶತ್ರು ಸಿಮೆಂಟ್. ಅಲ್ಲಿ ಬೇಲಿ ಸರಿ ಮಾಡುತ್ತಿದ್ದ ಗಾರೆ ಕೆಲಸದ ಹಿರಿಯರೊಬ್ಬರು ಒಂದು ಗೋರಿಯ ಮೂಲೆ ಬೆರಳಲ್ಲಿ ಬಡಿದು ತೋರಿಸಿದರು, ಡೊಳ್ಳು ಶಬ್ದ. "ಮೇಲೆ ಗಟ್ಟಿ, ಒಳಗೆ ಪೊಳ್ಳು. ಸಿಮೆಂಟು ಉಸಿರಾಡಕ್ಕೆ ಬಿಡಲ್ಲ ಸ್ವಾಮಿ." ಇಟ್ಟಿಗೆಯೊಳಗಿನ ತೇವ ಸುಣ್ಣದ ಗಾರೆಯಲ್ಲಿ ಹೊರಗೆ ಬರುತ್ತದೆ. ಸಿಮೆಂಟು ಅದನ್ನು ತಡೆದರೆ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ, ಕೊನೆಗೆ ಸಿಮೆಂಟಿನ ಚಿಪ್ಪು ಮಾತ್ರ ಕಳಚಿ ಬೀಳುತ್ತದೆ.

ಅವರ ಬಾಯಲ್ಲಿ ಬಂದ ಹದ ಹೀಗೆ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ ಕಡಿಮೆ ಎಂದರೆ ಹದಿನೈದು ದಿನ ಕೊಳೆಯಲು ಬಿಡಬೇಕು. ಅವಸರ ಮಾಡಿದರೆ ಅರಳದ ಹರಳು ಗೋಡೆಯ ಮೇಲೆ ಹೋಗಿ ಅರಳುತ್ತದೆ, ಗಾರೆ ಗುಳ್ಳೆ ಏಳುತ್ತದೆ. ಸೋಸಿದ ಸುಣ್ಣ ಒಂದು ಪಾಲು, ಮರಳು ಒಂದೂವರೆ, ಇಟ್ಟಿಗೆ ಪುಡಿ ಒಂದೂವರೆ. ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ನೆನೆಸಿ, ಹುಳಿ ಬಂದ ನೀರು ಬಸಿದು ಆ ನೀರಿನಲ್ಲೇ ಅರೆಯಬೇಕು. ಬೆರಳಿಗೆ ಬೆಣ್ಣೆಯಂತೆ ಅಂಟುವ ತನಕ ಗಾರೆ ಗಾಣ ನಿಲ್ಲಿಸುವಂತಿಲ್ಲ. ಬಳಿಯುವ ಮೊದಲು ಇಟ್ಟಿಗೆಗೆ ನೀರು ಕುಡಿಸಬೇಕು, ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿದರೆ ಹಿಡಿತ ಬರುವುದಿಲ್ಲ. ಒಂದೇ ಸಲ ದಪ್ಪಗೆ ಬಳಿದರೆ ಬಿರುಕು. ಅರ್ಧ ಇಂಚಿಗೂ ಕಡಿಮೆ ಪದರ ಹಾಕಿ, ಗೋಣಿ ಹೊದಿಸಿ, ಒಂದು ವಾರ ಹತ್ತು ದಿನ ನೆನೆಸಬೇಕು. ಯಾವ ತಿಂಗಳಲ್ಲಿ ಮಾಡುತ್ತೀರಿ ಎಂದರೆ, "ಮಳೆ ನಿಂತ್‌ಮ್ಯಾಕೆ, ಬಿಸ್ಲು ಏರೋಕ್ ಮುಂಚೆ. ದೀಪಾವಳಿಯಿಂದ ಶಿವರಾತ್ರಿ ಗಂಟ" ಅಂದರು. ಸೊಳ್ಳೆ ಆರೂಕಾಲಕ್ಕೆ ಸರಿಯಾಗಿ ಎದ್ದವು, ಮಾತು ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್ 11: ಆತಕೂರು

ವಾಪಸಾಗುವ ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಆತಕೂರಿಗೆ ಹೋಗುವುದಕ್ಕೆ ಒಂದು ನೆಪ ಇದೆ. ಪೊಳ್ಳಿಲೂರಿನಿಂದ ದೂರವಿಲ್ಲದ, ಅರಕ್ಕೋಣದ ಹತ್ತಿರದ ತಕ್ಕೋಲಂನಲ್ಲಿ ಬೈಲಿಗಿಂತ ಎಂಟುನೂರು ವರ್ಷಕ್ಕೂ ಮೊದಲು, 949ರ ಸುಮಾರಿನಲ್ಲಿ, ಇನ್ನೊಂದು ದೊಡ್ಡ ಯುದ್ಧ ಆಗಿತ್ತು. ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಗಂಗ ಮನೆತನದ ಅರಸ ಬೂತುಗ ಕೊಂದ. ಚೋಳರ ಕಡೆ ಆತನನ್ನು ಆನೆ ಮೇಲೆ ಮಲಗಿದ ದೇವರು ಎಂದು ಕರೆದರು. ಕೊಂದವರ ಕಡೆಯ ಮಾತು ಇರುವುದು ಮದ್ದೂರು ತಾಲ್ಲೂಕಿನ ಈ ಊರಿನ ಕಲ್ಲಿನಲ್ಲಿ.

ದಾರಿಯುದ್ದಕ್ಕೂ ಕಬ್ಬು, ಎಳನೀರಿನ ಟೆಂಪೊ, ರಸ್ತೆಯ ಅರ್ಧ ನುಂಗಿದ ಹುಲ್ಲಿನ ಗಾಡಿ. ಒಂದು ಆಲೆಮನೆಯಲ್ಲಿ ಬಿಸಿ ಬೆಲ್ಲ ಬಾಳೆಲೆಯ ಮೇಲೆ ಹಾಕಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲೇ ಹೇಳಿಬಿಡಬೇಕಾದ ಮಾತು, ಆತಕೂರಿನ ಕಲ್ಲು ಆತಕೂರಿನಲ್ಲಿ ಇಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಜಗಲಿಯ ಮೇಲಿದ್ದ ತಾತ, "ನಾಯಿ ಕಲ್ಲಾ? ಅದು ಬೆಂಗ್ಳೂರ್ ಸೇರ್ಕತು. ನಾವೇ ಇನ್ನೂ ಇಲ್ಲವಿ" ಎಂದು ನಕ್ಕರು.

ನಾಯಿ ಕಲ್ಲು ಅಂದದ್ದು ಸರಿಯೇ. ತಕ್ಕೋಲಂ ಗೆಲುವಿನಲ್ಲಿ ಪರಾಕ್ರಮ ತೋರಿದ, ಬೂತುಗನ ಕಡೆಯ ಮಣಲೇರನಿಗೆ ಏನು ಬೇಕು ಎಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಕಲ್ಲಿನ ಮೇಲೆ ನಾಯಿ ಹಂದಿಯನ್ನು ಕಚ್ಚಿ ಹಿಡಿದ ಕೆತ್ತನೆ ಇದೆ. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಜಾಗ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದೂ ಬರೆಸಿದ್ದಾರೆ. ಜಾನ್ ಬೈಲಿಯ ಕಲ್ಲಿನಲ್ಲಿ, 1907ರ ಕಂಬದಲ್ಲಿ ಇಂಥ ಏರ್ಪಾಡು ಇಲ್ಲ. ಯಾರು ಗುಡಿಸಬೇಕು, ಗುಡಿಸುವವನ ಊಟಕ್ಕೆ ಯಾವ ಹೊಲ, ಗುಡಿಸದಿದ್ದರೆ ಏನು ಶಿಕ್ಷೆ ಎಂದು ಮೊದಲೇ ಯೋಚಿಸಿದವರು ನಾಯಿಗೆ ಕಲ್ಲು ನೆಟ್ಟವರು.

ಮದ್ದೂರಿಗೆ ಬರುವಾಗ ಎರಡು ಗಂಟೆ. ವಡೆ ಬಿಸಿ ಇತ್ತು. ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾ, ಬಿಸಿ ಎಣ್ಣೆ ಹಾಕಿ ಉಜ್ಜಿದ ಹಿಟ್ಟಿಗೆ ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿರುತ್ತಾರೆ. ಈರುಳ್ಳಿ ಹೆಚ್ಚಾದರೆ ನೀರು ಬಿಟ್ಟು ವಡೆ ಮೆತ್ತಗೆ. ಕರಿಯುವವನು ಬಾಂಡ್ಲಿಯಿಂದ ತಲೆ ಎತ್ತದೆ, "ಎಲ್ಗೋಗಿದ್ರಿ ಸಾ, ಬ್ಯಾಗ್ ತುಂಬ ಮಣ್ಣು?" ಎಂದು ಕೇಳಿದ. ಆತಕೂರಿಗೆ, ನಾಯಿ ಕಲ್ಲು ನೋಡಲು ಅಂದದ್ದಕ್ಕೆ, "ಸಿಕ್ತಾ?" ಅಂದ. ಇಲ್ಲ, ಬೆಂಗಳೂರಿನಲ್ಲಿದೆ. "ಹಂಗಾದ್ರೆ ಇನ್ನೆಲ್ಡು ಕಟ್ಟುಸ್ಕಳಿ, ದಾರಿ ದೂರ ಐತೆ."